ಉಣ್ಣಿ ಹೇಳಿದ ಬುದ್ಧಿ

ಕೆಂಚನೆಂಬ ನಾಯಿಯ ಬಾಲದ ಬುಡದಲ್ಲಿ ಒಂದು ಉಣ್ಣಿ ಕಚ್ಚಿಕೊಂಡು ಹಗಲಿರುಳೂ ನೆತ್ತರು ಹೀರುತ್ತಿತ್ತು. ಅದನ್ನು ನೋಡಲಾರದೆ ಮನೆಯೊಡತಿ ನಾಲಗೆಗೆ ಎಟುಕದಂತೆ ಕೆಂಚನ ಹಿಂಗತ್ತಿನ ಮೇಲೆ ಒಂದು ಹನಿ ಮದ್ದು ಬಿಟ್ಟಳು.

"ಅದು ಕಚ್ಚಿದ್ದು ಬಾಲದಲ್ಲಿ, ನೀನು ಕೂತಿದ್ದು ಕತ್ತಿನಲ್ಲಿ. ಏನು ಬಂತು?" ಎಂದು ಕೆಂಚ ಹನಿಯನ್ನು ಕೇಳಿ ಗೊಣಗಿದ.

"ನಿನ್ನ ಚರ್ಮದ ಜಿಡ್ಡೇ ನನ್ನ ದಾರಿ. ಮೈಯೆಲ್ಲ ಹರಡುವವರೆಗೆ ನೀರಿಗೆ ಇಳಿಯಬೇಡ, ದಾರಿ ತೊಳೆದುಹೋದೀತು" ಎಂದಿತು ಹನಿ.

ಮಧ್ಯಾಹ್ನ ತುರಿಕೆ ತಾಳಲಾರದೆ ಕೆಂಚ ಕೆರೆಗೆ ಓಡಿದ.

"ಪಾಪ, ಎಷ್ಟು ಉರಿ ನಿನಗೆ! ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಒಮ್ಮೆ ಮುಳುಗಿ ಏಳು" ಎಂದಿತು ಉಣ್ಣಿ.

ನೀರಿಗೆ ಚಾಚಿದ ಕಾಲನ್ನು ಕೆಂಚ ಹಿಂದಕ್ಕೆಳೆದುಕೊಂಡ. "ನನ್ನ ನೆತ್ತರು ಕುಡಿದು ಊದಿಕೊಂಡವನಿಗೆ ಈಗ ನನ್ನ ಮೇಲೆ ಮರುಕವೇ? ಏನಾದರೂ ಸರಿ, ಇಳಿಯುವುದಿಲ್ಲ" ಎಂದು ಹಲ್ಲು ಕಚ್ಚಿ ದಂಡೆಯಲ್ಲೇ ಕೂತ. ಉಣ್ಣಿ ಸಂಜೆಯವರೆಗೂ ಉಪದೇಶ ನಿಲ್ಲಿಸಲಿಲ್ಲ.

ಮರುದಿನ ಅದರ ಕಾಲುಗಳು ಸೋತು ಹಿಡಿತ ಸಡಿಲವಾಯಿತು. ಕೆಳಗೆ ಉದುರುತ್ತಾ ಹನಿಯನ್ನು ಕೇಳಿತು: "ಕತ್ತಿನಲ್ಲಿದ್ದ ನೀನು ಇಲ್ಲಿಗೆ ಯಾವಾಗ ಬಂದೆ?"

"ನೀನು ಕೆಂಚನಿಗೆ ಬುದ್ಧಿ ಹೇಳುತ್ತಾ ಕೂತಿದ್ದೆಯಲ್ಲ, ಆಗ."