ಸಾವಿರಕ್ಕೆ ಎರಡು

“ಸರ್, ನಾವಿಬ್ಬರೂ ಕೂತದ್ದು ಒಂದೇ ಯಂತ್ರದ ಮುಂದೆ. ಫಲ ಅವಳಿಗೆ ಮಾತ್ರ ಹೇಗೆ ಸಿಕ್ಕಿತು?” ಎಂದು ತಿಪ್ಪೇಶ ಕೇಳಿದ.

ಅವಳೆಂದರೆ ಜೊತೆಯ ಸಂಶೋಧಕಿ ಶಾಂಭವಿ. ಅವಳ ಲೇಖನ ಪ್ರಕಟಣೆಗೆ ಅಂದೇ ಒಪ್ಪಿಗೆಯಾಗಿತ್ತು. ತಿಪ್ಪೇಶ ಈ ಪ್ರಯೋಗಾಲಯವನ್ನೇ ಬಿಟ್ಟು ಹೋಗುತ್ತೇನೆಂದು ಪತ್ರ ಬರೆದು ತಂದಿದ್ದ.

ಪ್ರಯೋಗಾಲಯದ ಮುಖ್ಯಸ್ಥರಾದ ಹಾಲಪ್ಪ ಮೇಷ್ಟ್ರು ಪತ್ರ ಓದಲಿಲ್ಲ. “ಹೊಟ್ಟೆ ಉರಿಯುತ್ತಿದೆ ಅಂತ ನೇರವಾಗಿ ಹೇಳಯ್ಯಾ, ಯಂತ್ರವನ್ನು ಯಾಕೆ ಎಳೆದು ತರುತ್ತೀ? ಕೂತುಕೋ, ಒಂದು ಕತೆ ಹೇಳುತ್ತೇನೆ. ಯಾರದು, ಎಲ್ಲಿಯದು ಎಂದು ಕೇಳಬೇಡ. ಕಟ್ಟಿದ ಕತೆ.

“ಇಬ್ಬರು ಸಂಶೋಧಕರಿದ್ದರು. ಕೇಯಾನ್ ಎಂಬ ಕಣ ಒಡೆಯುವುದನ್ನು ಎಣಿಸುವುದು ಅವರ ಕೆಲಸ. ಆ ಕಣಕ್ಕೆ ವಿದ್ಯುದಂಶವಿಲ್ಲ. ಅದರಲ್ಲಿ ಹೆಚ್ಚು ಹೊತ್ತು ಬಾಳುವ ಬಗೆ ಮೂರು ಚೂರಾಗಿ ಒಡೆಯಬೇಕು. ಎರಡೇ ಆದರೆ ಕಣಕ್ಕೂ ಪ್ರತಿಕಣಕ್ಕೂ ಇರುವ ಸರಿಸಮತೆ ಮುರಿಯಿತೆಂದೇ ಅರ್ಥ. ಅದು ಮುರಿಯದು ಎಂದು ಆಗ ಎಲ್ಲರೂ ನಂಬಿದ್ದರು. ಒಂದು ದಿನ ಕಿರಿಯವನು, ಸಾವಿರದಲ್ಲಿ ಎರಡು ಕಣ ಎರಡಾಗಿಯೇ ಒಡೆಯುತ್ತಿವೆ ಎಂದ. ಎಲ್ಲರ ಬಾಯಲ್ಲೂ ಅವನ ಹೆಸರೇ.

“ಹಿರಿಯವನಿಗೆ ಅನ್ನ ಸೇರಲಿಲ್ಲ. ನಿನ್ನೆ ಮೊನ್ನೆ ಬಂದವನು, ತಂತಿ ಜೋಡಿಸುವುದನ್ನು ನನ್ನಿಂದಲೇ ಕಲಿತವನು ಎಂದು ಒಳಗೇ ಕುದಿದ. ಇವನ ತಪ್ಪು ಹಿಡಿಯದೆ ಬಿಡುವುದಿಲ್ಲ ಎಂದು ಹಟ ತೊಟ್ಟ. ಕಣಗಳು ಸಾಗುವ ನಿರ್ವಾತ ಕೊಳವೆಯೊಳಗೆ ಗಾಳಿ ಸೇರಿದೆಯೇ ನೋಡಿದ. ಅಯಸ್ಕಾಂತ ಓರೆಯಾಗಿದೆಯೇ ನೋಡಿದ. ಆರು ತಿಂಗಳು ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ, ನನ್ನ ಎಣಿಕೆಯಲ್ಲಿ ಅಂಥದ್ದೇನೂ ಇಲ್ಲವೆಂದು ತೋರಿಸೋಣ ಎಂದು ಎಣಿಕೆ ಬರೆದಿಟ್ಟಿದ್ದ ತನ್ನ ಹಳೆಯ ಪುಸ್ತಕ ತೆರೆದ.

“ಅದರಲ್ಲೂ ಸಾವಿರಕ್ಕೆ ಎರಡು ಇದ್ದವು. ಕಿರಿಯವನು ಕೆಲಸಕ್ಕೆ ಸೇರುವ ಮೊದಲೇ ಬರೆದವು. ಇದು ಆಗುವಂಥದ್ದಲ್ಲ, ಯಂತ್ರದ ಗದ್ದಲದಿಂದ ಬಂದ ಸುಳ್ಳು ಎಣಿಕೆ ಎಂದು ಹಿರಿಯವನೇ ಕೆಂಪು ಪೆನ್ಸಿಲಿನಲ್ಲಿ ಅವನ್ನು ಹೊಡೆದು ಹಾಕಿದ್ದ. ಪಕ್ಕದಲ್ಲಿ ಅವನದೇ ಸಹಿ.”

ತಿಪ್ಪೇಶ ಕೇಳಿದ: “ಆ ಪುಸ್ತಕವನ್ನು ಏನು ಮಾಡಿದ ಸರ್?”

“ಬೀರುವಿನಲ್ಲಿಟ್ಟು ಬೀಗ ಹಾಕಿದ. ಕಿರಿಯವನದು ಬರೀ ಅದೃಷ್ಟ ಎಂದು ಸಾಯುವ ತನಕ ಹೇಳಿಕೊಂಡು ತಿರುಗಿದ.”

“ಪಾಪ,” ಎಂದ ತಿಪ್ಪೇಶ.

ಮೇಷ್ಟ್ರು ಕನ್ನಡಕ ಹಾಕಿಕೊಂಡರು.

“ಹೋಗು, ನಿನ್ನ ಪುಸ್ತಕ ತಾ, ನೀನು ಹೊಡೆದು ಹಾಕಿದ್ದನ್ನೆಲ್ಲ ಇಬ್ಬರೂ ಕೂತು ಓದೋಣ.”