ಸೋಲುವ ತಂಡಕ್ಕೊಬ್ಬ ಒಡೆಯ

“ಕೇಳಿರಪ್ಪೋ ಕೇಳಿ! ಏಳು ವರ್ಷದಿಂದ ಸೋಲುತ್ತಿರುವ ನಮ್ಮೂರ ಕಾಲ್ಚೆಂಡಿನ ತಂಡವನ್ನು ರಾಣಿ ಹೊನ್ನಾಂಬೆಯವರು ಬಿಟ್ಟುಕೊಡುತ್ತಾರೆ. ಮೂರು ಒಗಟು ಬಿಡಿಸಿದವರೇ ಅದರ ಒಡೆಯರು. ತಪ್ಪಿದವರಿಗೆ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ತಂಡ ಮುಚ್ಚಿ, ಮೈದಾನದಲ್ಲಿ ಆನೆ ಕಟ್ಟಲಾಗುವುದು!”

ಡಂಗುರ ಕೇಳಿ ಚೆಂಡು ಹೊಲಿಯುವ ಸಣ್ಣೀರನ ಕೈ ನಿಂತುಹೋಯಿತು. ಅವನ ಗುಡಿಸಲು ಮೈದಾನಕ್ಕೆ ಅಂಟಿಕೊಂಡೇ ಇತ್ತು. ಹಿಂದೆಲ್ಲ ಆಟದ ದಿನ ಜನರ ಕೂಗಿಗೆ ಗೋಡೆ ಅದುರುತ್ತಿತ್ತು. ಈಗ ಚೆಂಡು ಒದ್ದ ಸದ್ದೊಂದೇ. ಅದು ಕೇಳಿದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಆನೆ ಕಟ್ಟಿದರೆ ಆ ಸದ್ದೂ ಇಲ್ಲವಾಗುತ್ತದೆ ಎಂದು ಸಂಕಟಪಟ್ಟು ಅರಮನೆಗೆ ನಡೆದ.

ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ದೊಡ್ಡ ವ್ಯಾಪಾರಿ ತೋಟಪ್ಪಶೆಟ್ಟಿ. “ಹತ್ತೂರಿನ ರತ್ನ ತಂದು ಪೋಣಿಸಿದೆ, ಹಾರವಾಗಲಿಲ್ಲ. ಯಾಕೆ?” ಎಂದಳು ರಾಣಿ.

“ರತ್ನ ಸಾಲದು ಮಹಾರಾಣಿ, ಇನ್ನಷ್ಟು ತರಿಸಿ” ಎಂದ ಶೆಟ್ಟಿ. ಎಲ್ಲರ ಸರದಿ ಮುಗಿದ ಮೇಲೆ ತಲೆದಂಡವೆಂದು ಭಟರು ಅವನನ್ನು ಸೆರೆಮನೆಗೆ ಎಳೆದರು.

ಎರಡನೆಯವನು ಪಕ್ಕದೂರಿನ ಯುವರಾಜ. ಅದೇ ಒಗಟು ಕೇಳಿ ಮೀಸೆ ತಿರುವಿದ. “ಅದಿರಲಿ, ಎರಡನೆಯದು ಹೇಳಿ” ಎಂದ. ಭಂಡ ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ.

“ಬಾಗಿಲು ಚೆಂದ ಮಾಡಿದಷ್ಟೂ ಒಳಗೆ ಬರುವವರು ಕಡಿಮೆಯಾದ ಮನೆ ಯಾವುದು?”

“ಮಾವನ ಮನೆ!” ಎಂದು ನಕ್ಕ. ನಗುತ್ತಲೇ ಸೆರೆಮನೆ ಸೇರಿದ.

ಈಗ ಸಣ್ಣೀರನ ಸರದಿ. ಕೈಮುಗಿದು ಹೇಳಿದ: “ತಾಯಿ, ಬೇರೆ ಬೇರೆ ತೊಗಲನ್ನು ಒಟ್ಟಿಗೆ ನೆನೆಸದೆ ಹೊಲಿದರೆ ಚೆಂಡು ಸೊಟ್ಟಗಾಗ್ತದೆ. ಆ ರತ್ನ ಅಂದ್ರೆ ನೀವು ಹೊರಗಿಂದ ಕರೆಸಿದ ಆಟಗಾರರು. ಒಬ್ಬೊಬ್ಬರೂ ಒಂದೊಂದು ಬಂಗಲೇಲಿ ಉಣ್ತಾರೆ. ಒಬ್ಬರ ಕಾಲಿಗೆ ಇನ್ನೊಬ್ಬರು ಚೆಂಡು ಕೊಡೋದು ಹೆಂಗೆ? ಇನ್ನು ಆ ಮನೆ ಅಂದ್ರೆ ನಮ್ಮ ಮೈದಾನ. ಬೆಳ್ಳಿ ಬಾಗಿಲು ಇಟ್ರಿ, ಕಾವಲು ಇಟ್ರಿ. ಬರಿಗಾಲಲ್ಲಿ ಬರ್ತಿದ್ದ ಜನ ಆ ಬಾಗಿಲು ಕಂಡೇ ಹಿಂದಕ್ಕೆ ಹೋದ್ರು.”

ರಾಣಿಯ ಮುಖ ಬಾಡಿತು. ಮೆಲ್ಲಗೆ ಮೂರನೆಯದನ್ನು ಕೇಳಿದಳು. “ಒಂದು ಕಾಲಕ್ಕೆ ಕೇಳದೆಯೇ ಸಿಗುತ್ತಿತ್ತು. ಈಗ ಬೊಕ್ಕಸವನ್ನೇ ಸುರಿದರೂ ಸಿಗದು. ಸೋತ ದಿನವೂ ನಮ್ಮ ಜೊತೆಗಿರುತ್ತಿತ್ತು. ಏನದು?”

ಸಣ್ಣೀರ ತಲೆ ಅಲ್ಲಾಡಿಸಿದ. ತಲೆ ಹೊಡೆಯುವವನು ಕತ್ತಿ ಹಿಡಿದು ಎದ್ದ.

“ಗೊತ್ತಾಗ್ತಿಲ್ಲ ತಾಯಿ” ಎಂದ ಸಣ್ಣೀರ. “ಸಾಯೋ ಮುಂಚೆ ಒಂದೇ ಆಸೆ. ಜನ ಮತ್ತೊಂದು ಸಲ ಕೂಗೋದನ್ನ ಕೇಳಬೇಕು. ಗೆಲ್ಲದಿದ್ರೂ ಪರವಾಗಿಲ್ಲ. ಆ ಕೂಗಿಗೆ ಏಳು ವರ್ಷದಿಂದ ಜೀವ ಹಂಬಲಿಸ್ತಾ ಇದೆ.”

ರಾಣಿಯ ಕಣ್ಣು ತುಂಬಿ ಬಂತು. “ಅದೇ ಕಣಯ್ಯ ಉತ್ತರ. ಅಪ್ಪಾಜಿಯ ಹೆಗಲ ಮೇಲೆ ಕೂತು ಆ ಕೂಗು ಕೇಳಿದವಳು ನಾನು. ತಂಡ ನನ್ನ ಕೈಗೆ ಬಂದ ಮೇಲೆ ಒಂದು ದಿನವೂ ಕೇಳಲಿಲ್ಲ. ತಗೋ, ಇನ್ನು ಅದು ನಿನ್ನದು.”

“ನಾನೊಬ್ಬನೇ ಇಟ್ಕೊಂಡ್ರೆ ನಾಳೆ ನಾನೂ ಹಿಂಗೇ ಒಗಟು ಹಾಕ್ತಾ ಕೂರಬೇಕಾಗ್ತದೆ ತಾಯಿ. ಊರಿನ ಮನೆಗೊಂದು ಪಾಲು ಅಂತ ಹಂಚಿಬಿಡಿ. ಬಾಗಿಲು ಕಿತ್ತುಹಾಕಿಸಿ. ಆ ಇಬ್ಬರನ್ನೂ ಬಿಟ್ಟುಬಿಡಿ, ಆಟ ನೋಡೋಕೆ ಇನ್ನಿಬ್ಬರಾದ್ರು.”

ಹಾಗೇ ಆಯಿತು. ಪಾಲು ಹಂಚುವ ದಿನ ಮೈದಾನದ ತುಂಬ ಜನವೋ ಜನ. ಎಲ್ಲರದೂ ಮುಗಿದ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಹಿಂಜರಿಯುತ್ತ ಸಣ್ಣೀರನ ಮುಂದೆ ಬಂದು ನಿಂತಳು.

“ನನಗೂ ಒಂದು ಸಿಗುತ್ತಾ?” ಎಂದಳು ಹೊನ್ನಾಂಬೆ.

“ಅರಮನೆಯೂ ಊರಿನ ಮನೆಯೇ ಅಲ್ವಾ ತಾಯಿ” ಎಂದು ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ.