ಬೆನ್ನಯ್ಯನ ಗುಡ್ಡ

ಸಿರಿಗಲ್ಲೂರಿನ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣ ದಿಕ್ಕಿಗೆ ನೋಡಿದರೆ, ಜೋಳದ ಹೊಲಗಳ ಆಚೆ ಒಂಟಿ ಗುಡ್ಡವೊಂದು ಕಾಣುತ್ತದೆ. ಎತ್ತರವೇನೂ ಇಲ್ಲ. ಬುಡದಲ್ಲಿ ಜಾಲಿಮುಳ್ಳು, ನಡುವಿನಲ್ಲಿ ಒಂದರ ಮೇಲೊಂದು ಕೂತ ಬಂಡೆಗಳು, ನೆತ್ತಿಯಲ್ಲಿ ಛಾವಣಿ ಕುಸಿದ ಹಳೆಯ ಬಸದಿ. ತೆಂಕಣ ಮಗ್ಗುಲಲ್ಲಿ ಕಲ್ಲುಗಣಿಯವರು ಒಂದಿಷ್ಟು ಒಡೆದು, ಊರವರು ತಡೆದ ಮೇಲೆ ಬಿಟ್ಟುಹೋದ ಗಾಯ ಇನ್ನೂ ಬೆಳ್ಳಗಿದೆ. ಇದನ್ನು ಬೆನ್ನಯ್ಯನ ಗುಡ್ಡ ಎನ್ನುತ್ತಾರೆ. ದೂರದಿಂದ ಮಲಗಿದ ಎತ್ತಿನ ಬೆನ್ನಿನಂತೆ ಕಾಣುವುದರಿಂದ ಈ ಹೆಸರು ಬಂತೆಂದು ಹೊರಗಿನಿಂದ ಬಂದವರು ಕೆಲವರು ಹೇಳುವುದುಂಟು. ಹಾಗೆ ಹೇಳುವವರು ಗುಡ್ಡ ಹತ್ತಿ ನೋಡಿದವರಲ್ಲ. ಎತ್ತಿನ ಬೆನ್ನಿಗೆ ಯಾರೂ ಅಯ್ಯ ಎನ್ನುವುದಿಲ್ಲ. ಈ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರನಾಗಿದ್ದ ನಾನು, ಕುರಿಹಟ್ಟಿಯ ಹಿರಿಯರಾದ ಗಾದಿಲಿಂಗಪ್ಪನವರ ಬಾಯಿಂದ ನಾಲ್ಕಾರು ಬಾರಿ ಕೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಸಣ್ಣಪುಟ್ಟ ನಾಯಕರು ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ, ಕೇತಮಲ್ಲನೆಂಬ ಬಂಟನಿದ್ದನಂತೆ. ಹಗೆಗೆ ಎಂದೂ ಬೆನ್ನು ತೋರಿಸದವನೆಂದು ಮೆಚ್ಚಿ ಅವನ ನಾಯಕ ಅವನಿಗೆ 'ಬೆಂಗೊಡದ ಗಂಡ' ಎಂಬ ಬಿರುದು ಕೊಟ್ಟಿದ್ದನು. ಕೇತಮಲ್ಲನಿಗೆ ಆ ಬಿರುದೇ ಉಸಿರು. ಒಂದು ಬೇಸಗೆಯಲ್ಲಿ ನಾಯಕನ ಅಪ್ಪಣೆಯಂತೆ ಅವನು ಸಿರಿಗಲ್ಲೂರಿನ ದನಗಳನ್ನು ಹೊಡೆದುಕೊಂಡು ಹೋಗಲು ದಂಡಿನೊಡನೆ ಬಂದ. ಅಡ್ಡ ನಿಂತವನು ಬಾಚಯ್ಯನೆಂಬ ದನಗಾಹಿ. ಕೈಯಲ್ಲಿದ್ದದ್ದು ಬರಿಯ ಕೋಲು. ಕತ್ತಿ ಹೊಟ್ಟೆಗೆ ಇಳಿದಾಗ ಬಾಚಯ್ಯ ಕೂಗಲಿಲ್ಲ, ಶಪಿಸಲಿಲ್ಲ. ನೆಲಕ್ಕೆ ಕುಸಿದು, "ನನ್ನನ್ನು ಯಾಕಪ್ಪಾ ಕೊಂದೆ?" ಎಂದು ಕೇಳಿದನಂತೆ. "ನಾನು ಬೆಂಗೊಡದ ಗಂಡ ಕೇತಮಲ್ಲ!" ಎಂದನು ಇವನು. ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂದುಬಿಟ್ಟಿತು. ಅದು ಕೇಳಿದ್ದಕ್ಕೆ ಉತ್ತರವಲ್ಲವೆಂದು ಅವನಿಗೆ ಹೊಳೆಯುವಷ್ಟರಲ್ಲಿ ಕೇಳಿದವನ ಕಣ್ಣು ನಿಂತಿತ್ತು.

ಆ ದಿನದಿಂದ ಕೇತಮಲ್ಲ ಒಂದೆಡೆ ಕೂರಲಾರದವನಾದ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಅಂಗಳಕ್ಕೆ ಬರುವನು. ಅಂಗಳದಿಂದ ಬೀದಿಗೆ, ಬೀದಿಯಿಂದ ಊರಾಚೆಗೆ. ಕೊನೆಗೊಂದು ದಿನ ಕತ್ತಿಯನ್ನು ಬಾವಿಗೆ ಎಸೆದು ನಾಯಕನ ಊಳಿಗ ಬಿಟ್ಟ. ಎಲ್ಲೆಲ್ಲೋ ಅಲೆದು, ಕಾಲು ಎಳೆದು ತಂದಂತೆ, ಸಿರಿಗಲ್ಲೂರಿನ ಈ ಗುಡ್ಡಕ್ಕೇ ಬಂದು ಸೇರಿದ. ಬಸದಿಯ ಕಸ ಗುಡಿಸುವುದು, ಗುಡ್ಡದ ಬುಡದ ಬಾವಿಯಿಂದ ನೀರು ಸೇದಿ ಮೇಯಲು ಬಂದ ದನಗಳಿಗೆ ಕಲ್ಲುಬಾನಿ ತುಂಬಿಸುವುದು ಅವನ ಕೆಲಸ. ಇರುವೆಯ ಸಾಲು ಕಂಡರೆ ಸುತ್ತಿಬಳಸಿ ನಡೆಯುವನು. ಯಾವ ಜೀವಕ್ಕೂ ಕೇಡು ಮಾಡುವುದಿಲ್ಲವೆಂದು ವ್ರತ ಹಿಡಿದಿದ್ದನು. ಆದರೂ ತಳಮಳ ಇಳಿಯಲಿಲ್ಲ. ಬಂಡೆಯಿಂದ ಬಂಡೆಗೆ ಹೋಗುತ್ತಲೇ ಇರುವ ಆ ಗಡ್ಡದ ಆಳು ಯಾರೆಂದು ಊರವರಿಗೆ ತಿಳಿಯಲಿಲ್ಲ. ಹೀಗೆ ಬಾಚಯ್ಯ ಸತ್ತು ಹದಿನಾರು ವರ್ಷ ಸಂದವು. ಆಮೇಲೆ ಆ ದಾರಿಯಾಗಿ ಹೋಗುತ್ತಿದ್ದ ಅವನದೇ ದಂಡಿನ ಹಳೆಯ ಸಿಪಾಯಿಯೊಬ್ಬ ಅವನನ್ನು ಗುರುತಿಸಿ, ಬಾಚಯ್ಯನನ್ನು ಕೊಂದು ಆಮೇಲೆ ಕತ್ತಿಯನ್ನು ಬಾವಿಗೆ ಎಸೆದುಹೋದ ಕೇತಮಲ್ಲ ಇವನೇ ಎಂದು ಊರಿನ ಕಟ್ಟೆಯಲ್ಲಿ ಆಡಿಬಿಟ್ಟ.

ಬಾಚಯ್ಯ ಸತ್ತಾಗ ಮೂರು ವರ್ಷದ ಕೂಸಾಗಿದ್ದ ಅವನ ಮಗ ಸಿಂಗಣ ಈಗ ಹತ್ತೊಂಬತ್ತರ ಹರೆಯದವನು. ಅಷ್ಟೂ ಜನರ ಮುಂದೆ ಅವನು ಮಣ್ಣು ಮುಟ್ಟಿ, "ನಾಳೆ ಮಧ್ಯಾಹ್ನ ಗುಡ್ಡ ಹತ್ತಿ ಅಪ್ಪನ ಹಗೆ ತೀರಿಸುತ್ತೇನೆ" ಎಂದು ಆಣೆಯಿಟ್ಟನು. ಜನ ಹೌದು ಹೌದು ಎಂದರು. ಅವನ ತಾಯಿ ಜಕ್ಕವ್ವೆ ಮಾತ್ರ ಹೊತ್ತು ಇಳಿಯುವ ಮೊದಲೇ ಒಬ್ಬಳೇ ಗುಡ್ಡ ಹತ್ತಿದಳು. ಗಂಡನನ್ನು ಕೊಂದವನನ್ನು ಅವಳು ಎದುರಾಬದುರು ಕಂಡದ್ದು ಅದೇ ಮೊದಲು. ತಾನು ಯಾರೆಂದು ಹೇಳಿ, "ನಾಳೆ ನನ್ನ ಮಗ ಕತ್ತಿ ಹಿಡಿದು ಬರುತ್ತಾನೆ" ಎಂದಳು.

ಕೇತಮಲ್ಲ ಕೈ ಮುಗಿದು, "ಬರಲಿ ತಾಯಿ. ಹದಿನಾರು ವರ್ಷದಿಂದ ಕಾದಿದ್ದೇನೆ. ನಾನು ಕೈ ಎತ್ತುವುದಿಲ್ಲ. ಎದೆ ಕೊಟ್ಟು ನಿಲ್ಲುತ್ತೇನೆ" ಎಂದನು.

"ನೀನು ಎದೆ ಕೊಟ್ಟರೆ ನಿನಗೆ ಬಿಡುಗಡೆ," ಎಂದಳು ಜಕ್ಕವ್ವೆ. "ಕತ್ತಿ ಒರೆಸಿಕೊಂಡು ಮನೆಗೆ ಬರುವವನು ನನ್ನ ಮಗ. ನಾಳೆಯಿಂದ ಅನ್ನ ಸೇರದೆ, ನಿನ್ನ ಹಾಗೆ ಅವನೂ ಯಾವುದೋ ಗುಡ್ಡ ಸುತ್ತಬೇಕು. ನಿನ್ನ ವ್ರತ ನಿನ್ನ ಕೈ ಒಂದನ್ನೇ ಕಾಯುತ್ತದೆಯೇ?"

"ಹಾಗಾದರೆ ಈಗಲೇ ಎತ್ತಲಾದರೂ ಹೋಗಿಬಿಡುತ್ತೇನೆ."

"ಹೋದರೆ ನಿನ್ನನ್ನು ಹುಡುಕುತ್ತಾ ಊರೂರು ತಿರುಗುತ್ತಾನೆ. ಆಣೆ ಅವನನ್ನು ಬಿಡುವುದಿಲ್ಲ. ನಾಳೆ ಅವನ ಎದುರಿಗೇ ಓಡು. ಊರೆಲ್ಲ ನೋಡುವಂತೆ ಬೆನ್ನು ತೋರಿಸಿ ಓಡು. ಬೆಂಗೊಟ್ಟವನನ್ನು ಕೊಲ್ಲಬಾರದೆಂಬ ಕಟ್ಟಳೆ ಇದೆಯಲ್ಲ, ಆಗ ಆಣೆ ತಾನಾಗಿ ಬಿದ್ದುಹೋಗುತ್ತದೆ."

ಕೇತಮಲ್ಲನ ಮುಖ ಕಪ್ಪಿಟ್ಟಿತು. "ಪ್ರಾಣ ಕೇಳು ತಾಯಿ, ಕೊಡುತ್ತೇನೆ. ಇದನ್ನು ಕೇಳಬೇಡ" ಎಂದನು.

"ನಿನ್ನ ಪ್ರಾಣ ಕಟ್ಟಿಕೊಂಡು ನಾನೇನು ಮಾಡಲಿ?" ಎಂದು ಅವಳು ಸೆರಗು ಕೊಡವಿ ಎದ್ದಳು. "ಕತ್ತಿಯನ್ನು ಬಾವಿಗೆ ಹಾಕಿದೆಯಂತೆ. ಆ ಬಿರುದನ್ನು ಎಲ್ಲಿ ಬಚ್ಚಿಟ್ಟಿದ್ದೀಯ?"

ಅವಳು ಇಳಿದುಹೋದ ಮೇಲೆ ಕೇತಮಲ್ಲ ಗುಡ್ಡವನ್ನು ಎಷ್ಟು ಸುತ್ತು ಸುತ್ತಿದನೋ ಲೆಕ್ಕವಿಲ್ಲ. ಸಾವಿಗೆ ಅವನು ಅಂಜಿದವನಲ್ಲ. ಎದೆಯೊಡ್ಡಿ ಸತ್ತರೆ, ಕೇತಮಲ್ಲ ಕೊನೆಗೂ ಬೆನ್ನು ತೋರಿಸಲಿಲ್ಲ ಎಂದು ಜನ ಹೇಳುತ್ತಾರೆಂಬ ಆಸೆ ತನ್ನ ವ್ರತದ ತಳದಲ್ಲಿಯೇ ಇಷ್ಟು ವರ್ಷ ಕೂತಿತ್ತೆಂದು ಅವನಿಗೆ ಆಗ ತಿಳಿಯಿತು. ತಿಳಿದರೂ ಅದನ್ನು ಕಿತ್ತೊಗೆಯಲು ಆಗಲಿಲ್ಲ.

ಮರುದಿನ ಸೂರ್ಯ ನೆತ್ತಿಗೆ ಬಂದಾಗ ಸಿಂಗಣ ಬಂದನು. ಹಿಂದೆ ಇಡೀ ಊರು. "ನೀನೇನಾ ಕೇತಮಲ್ಲ?" ಎಂದು ಅವನು ಕೂಗಿದಾಗ ಇವನ ಎದೆ ತಾನಾಗಿ ಸೆಟೆಯಿತು, ಕಾಲು ನೆಲಕ್ಕೆ ನಾಟಿಕೊಂಡಿತು. ಬಿರುದು ನಾಲಗೆಯ ತುದಿಗೆ ಬಂದು ನಿಂತಿತ್ತು. ಆಗ ಅವನಿಗೆ ಕತ್ತಿ ಹಿಡಿದ ಹುಡುಗನ ಕೈ ಕಂಡಿತು. ಅದುವರೆಗೆ ಯಾರನ್ನೂ ಕೊಲ್ಲದ ಕೈ. ಕೇತಮಲ್ಲ ಗಕ್ಕನೆ ತಿರುಗಿ ಓಡಿದನು. ಮುಳ್ಳಿನಲ್ಲಿ ಬಿದ್ದು, ಎದ್ದು, ಅಂಗವಸ್ತ್ರ ಕಳಚಿ ಬಿದ್ದರೂ ನೋಡದೆ ಓಡಿದನು. ಸಿಂಗಣ ಬೆನ್ನಟ್ಟಿ, ಇಳಿಜಾರಿನಲ್ಲಿ ಅವನನ್ನು ಹಿಡಿಯುವಷ್ಟು ಹತ್ತಿರ ಬಂದು ಕತ್ತಿ ಎತ್ತಿದನು. ಎದುರಿಗಿದ್ದದ್ದು ಬೆವರಿಳಿಯುವ ಬತ್ತಲೆ ಬೆನ್ನು. "ಬೆಂಗೊಟ್ಟಿದ್ದಾನೆ, ಹೊಡೆಯಬೇಡ!" ಎಂದು ಹಿರಿಯರು ಮೇಲಿನಿಂದ ಕೂಗಿದರು. ಎತ್ತಿದ ಕೈ ಕೆಳಗಿಳಿಯಿತು. ಸಿಂಗಣ ಉಗುಳಿ, ಹಿಂದಿರುಗಿದನು. ಜನ ಬಿದ್ದು ಬಿದ್ದು ನಕ್ಕರು. ಜಕ್ಕವ್ವೆಯೊಬ್ಬಳು ನಗಲಿಲ್ಲ.

ಆಮೇಲೆ ಕೇತಮಲ್ಲನೆಂಬ ಹೆಸರು ಹೋಗಿ, ದನ ಕಾಯುವ ಮಕ್ಕಳ ಬಾಯಲ್ಲಿ ಅವನು ಬೆನ್ನಯ್ಯನಾದ. "ಬೆನ್ನಯ್ಯ, ಓಡು!" ಎಂದು ಕಲ್ಲು ಬೀರುವರು. ಮೊದಮೊದಲು ಅವನ ಕಿವಿ ಕೆಂಪಾಗುತ್ತಿತ್ತಂತೆ. ನಾನು ಹೇಡಿಯಲ್ಲ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಬಾವಿಯ ಹಗ್ಗವನ್ನು ಬಿಗಿಹಿಡಿದು ಇನ್ನಷ್ಟು ಜೋರಾಗಿ ನೀರು ಸೇದುವನು. ಗುಟ್ಟನ್ನು ಮಾತ್ರ ಯಾರಿಗೂ ಹೇಳಲಿಲ್ಲ. ವರ್ಷಗಳು ಕಳೆದಂತೆ, ಬೆನ್ನಯ್ಯಾ ಎಂದರೆ "ಓ" ಎಂದು ತಿರುಗಿ ನೋಡುವಂತಾದನು.

ಸಿಂಗಣನಿಗೆ ಮಗ ಹುಟ್ಟಿ ಬೆಳೆದ ಮೇಲೆ, ಆ ಮಗನಿಗೆ ಅವನು ಗುಡ್ಡದ ಹೇಡಿಯ ಕತೆಯನ್ನು ನಗುತ್ತಾ ಹೇಳುತ್ತಿದ್ದುದು ಒಂದು ದಿನ ಮುದುಕಿ ಜಕ್ಕವ್ವೆಯ ಕಿವಿಗೆ ಬಿತ್ತು. ಅವಳಿಗೆ ತಡೆಯಲಾಗಲಿಲ್ಲ. "ಅಂದು ಅವನು ಓಡಿದ್ದು ನಿನಗೆ ಅಂಜಿ ಅಲ್ಲ ಕಣೋ ಮಗಾ. ನಾನು ಓಡು ಎಂದೆ, ಓಡಿದ. ನಿನ್ನ ಕೈ ಚೊಕ್ಕಟವಾಗಿರಲೆಂದು ಓಡಿದ" ಎಂದಳು. ಉಣ್ಣುತ್ತಿದ್ದ ಸಿಂಗಣ ಅರ್ಧಕ್ಕೇ ಕೈ ತೊಳೆದು ಗುಡ್ಡದತ್ತ ನಡೆದನು. ದಾರಿಯಲ್ಲಿ ಕುರಿಹಟ್ಟಿಯವರು ತಡೆದು, ಬೆನ್ನಯ್ಯ ತೀರಿಕೊಂಡು ಎರಡು ತಿಂಗಳಾಯಿತು, ಊರಿಗೆ ಸುದ್ದಿ ಕಳಿಸದೆ ತಾವೇ ಮಣ್ಣು ಮಾಡಿದೆವು ಎಂದರು. ಕ್ಷಮೆ ಕೇಳಲು ಯಾರೂ ಉಳಿದಿರಲಿಲ್ಲ. ಈಗ ತಳಮಳ ಅವನ ಪಾಲಿಗೆ ಬಂತು. ಹೊಲಕ್ಕೆ ಹೋದರೂ ಅರ್ಧ ಸಾಲು ಉತ್ತು ಬಿಟ್ಟುಬರುವನು. ಕೊನೆಗೆ ಕಲ್ಲುಕುಟಿಗನನ್ನು ಕರೆಸಿ, ಬೆನ್ನಯ್ಯನಿಗೆ ವೀರಗಲ್ಲು ನಿಲ್ಲಿಸಬೇಕು ಎಂದನು. ಕಲ್ಲುಕುಟಿಗ ಒಪ್ಪಲಿಲ್ಲ. "ಓಡಿದವನಿಗೆ ವೀರಗಲ್ಲು ಎಲ್ಲಿಯದಪ್ಪ? ಹಾಗೆ ಬೇಕೇಬೇಕೆಂದರೆ ಎದುರಿಗೆ ನಿಂತಂತೆ ಕಡೆದುಕೊಡುತ್ತೇನೆ." ಸಿಂಗಣ, "ಬೇಡ. ನಾನು ಕಂಡಂತೆಯೇ ಕಡೆ" ಎಂದನಂತೆ.

ಬಸದಿಯ ಬಲಗಡೆ ಆ ಕಲ್ಲು ಈಗಲೂ ಇದೆ. ಆಳೆತ್ತರದ ಕರಿಯ ಕಲ್ಲಿನಲ್ಲಿ ಓಡುತ್ತಿರುವ ಮನುಷ್ಯನೊಬ್ಬನ ಬೆನ್ನು. ಕತ್ತಿಯಿಲ್ಲ, ಬಿರುದಿಲ್ಲ, ಒಂದಕ್ಷರ ಬರಹವಿಲ್ಲ. ವ್ಯಾಜ್ಯ ಕಟ್ಟಿಕೊಂಡ ಅಣ್ಣತಮ್ಮಂದಿರನ್ನು ಊರವರು ಇಂದಿಗೂ ಇದರ ಮುಂದೆ ನಿಲ್ಲಿಸುತ್ತಾರೆ. ಮೊದಲು ತಿರುಗಿ ಹೊರಟವನ ಕೈಗೆ ವೀಳ್ಯ ಕೊಡುತ್ತಾರೆ. ಹೊಸದಾಗಿ ಬಂದವರು ಮಾತ್ರ ಇದರ ಮುಖ ಎಲ್ಲಿದೆಯೆಂದು ಹುಡುಕುತ್ತಾ ಹಿಂದಕ್ಕೆ ಹೋಗುತ್ತಾರೆ. ಹಾಗೆ ಸುತ್ತಿದವರ ಕಾಲಿಗೆ ಸವೆದು ಕಲ್ಲಿನ ಸುತ್ತ ಹುಲ್ಲು ಹುಟ್ಟದ ಒಂದು ದಾರಿ ಬಿದ್ದಿದೆ. ಹಿಂಬದಿಯಲ್ಲಿ ಉಳಿಯೇ ಮುಟ್ಟದ ಒರಟು ಬಂಡೆಯಿದೆ, ಅಷ್ಟೆ.